ಕೆಂಗೇರಿಯ ಆಚೆ ಸಂಸಾರ: ಕಾರು, ಮೆಟ್ರೊ, ಮೊಬೈಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಳಗಿನ ಬಾಡಿಗೆ ಮನೆ ಬಿಟ್ಟು ಕೆಂಗೇರಿ ಉಪನಗರ, ಕೊಮ್ಮಘಟ್ಟ, ಚಲ್ಲಘಟ್ಟದ ಕಡೆ ಮನೆ ಮಾಡಿದವರು ಗೃಹಪ್ರವೇಶದ ಊಟ ಅರಗುವ ಮೊದಲೇ ಕೇಳಲು ಶುರುಮಾಡುವ ಪ್ರಶ್ನೆಗಳು ಇವು. ಕಾನೂನಿನ ಮಾತು ಬಿಟ್ಟರೆ ಉಳಿದ ಉತ್ತರಗಳೆಲ್ಲ ನನ್ನ ಅಭಿಪ್ರಾಯ. ನನ್ನ ಅಳತೆಗೋಲು ಒಂದೇ. ಮನೆಯಲ್ಲಿ ವಾಹನ ಓಡಿಸದವರು, ಅಂದರೆ ಅಜ್ಜಿ, ಹೈಸ್ಕೂಲಿನ ಹುಡುಗಿ, ಲೈಸೆನ್ಸ್ ಇದ್ದೂ ಸ್ಟಿಯರಿಂಗ್ ಮುಟ್ಟದ ಗೃಹಿಣಿ, ಇನ್ನೊಬ್ಬರ ಬಿಡುವಿಗೆ ಕಾಯದೆ ಹೊರಗೆ ಹೋಗಿ ಬರಬಹುದೇ? ಇದಕ್ಕೆ ನೆರವಾಗುವ ಖರ್ಚು ಒಳ್ಳೆಯ ಖರ್ಚು. ಉಳಿದದ್ದು ಶೋಕಿ. ಶೋಕಿಯೂ ತಪ್ಪಲ್ಲ, ಆದರೆ ಅದನ್ನು ಅನಿವಾರ್ಯ ಎಂದು ಕರೆಯುವುದು ಬೇಡ.

ಇಷ್ಟು ದೂರ ಬಂದಮೇಲೆ ಕಾರಿಲ್ಲದೆ ನಡೆಯುತ್ತದೆಯೇ?

ಕೆಲವು ತಿಂಗಳಂತೂ ನಡೆಯುತ್ತದೆ, ನಡೆಯಲಿ. ಆ ಅವಧಿಯಲ್ಲಿ ಮನೆಯ ಯಾರು ಯಾವ ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ. ಮನೆ ಸಾಲದ ಮೊದಲ ಕಂತು ಕಟ್ಟುವ ಹೊತ್ತಿಗೇ ಕಾರು ಸಾಲಕ್ಕೂ ಸಹಿ ಹಾಕಿದವರನ್ನು ಬಹಳ ನೋಡಿದ್ದೇನೆ. ಆಮೇಲೆ ಆಗುವುದು ಹೀಗೆ: ಬೆಳಿಗ್ಗೆ ಎಂಟಕ್ಕೆ ಯಜಮಾನರು ಒಬ್ಬರೇ ಕಾರಿನಲ್ಲಿ ಹೊರಡುತ್ತಾರೆ. ಅದು ದಿನವಿಡೀ ಕಚೇರಿಯ ನೆಲಮಾಳಿಗೆಯಲ್ಲಿ ನಿಂತಿರುತ್ತದೆ. ಮನೆಯಲ್ಲಿ ಉಳಿದ ನಾಲ್ವರಿಗೆ ಮೊದಲಿನಂತೆ ಆಟೊವೇ ಗತಿ. ಹನ್ನೆರಡು ಲಕ್ಷ ಸುರಿದು ಒಬ್ಬರ ಬೆನ್ನುನೋವಿಗೆ ದಾರಿ ಮಾಡಿದಂತಾಯಿತು, ಅಷ್ಟೆ.

ಮೆಟ್ರೊ ಮನೆ ಬಾಗಿಲಿಗೇ ಬಂದಿದೆಯಲ್ಲ?

ಬಾಗಿಲಿಗೆ ಬಂದಿಲ್ಲ, ಮೈಸೂರು ರಸ್ತೆಗೆ ಬಂದಿದೆ. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ ತಲುಪಿತು. ಈಗ ಚಲ್ಲಘಟ್ಟದಲ್ಲಿ ಹತ್ತಿದರೆ ರೈಲು ಬದಲಿಸದೆ ವೈಟ್‌ಫೀಲ್ಡ್‌ನಲ್ಲಿ ಇಳಿಯಬಹುದು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಕ್ಲಚ್ ತುಳಿದು ತುಳಿದು ಮೊಣಕಾಲು ಸವೆಸಿಕೊಂಡವರಿಗೆ ಇದರ ಬೆಲೆ ಗೊತ್ತು.

ತೊಡಕು ಇರುವುದು ಮನೆಗೂ ನಿಲ್ದಾಣಕ್ಕೂ ನಡುವಿನ ಎರಡು ಕಿಲೋಮೀಟರಿನಲ್ಲಿ. 2025ರ ಆಗಸ್ಟ್‌ನಿಂದ ಆಟೊದ ಕನಿಷ್ಠ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಮೀಟರ್ ಹಾಕಿದರೆ ಅಷ್ಟು, ಹಾಕದಿದ್ದರೆ ಬಾಯಿಗೆ ಬಂದಷ್ಟು. ಹೋಗಿ ಬರಲು ಆಟೊ ಹಿಡಿದರೆ ದಿನಕ್ಕೆ 72 ರೂಪಾಯಿ ಇಲ್ಲೇ ಕರಗುತ್ತದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ ದರ 60ರಿಂದ 90ಕ್ಕೆ ಏರಿದಾಗ ಎಲ್ಲರೂ ಕೂಗಾಡಿದರು. ಕೂಗಬೇಕಾದದ್ದೇ. ಆದರೆ ನಿಲ್ದಾಣ ತಲುಪುವ ಖರ್ಚಿನ ಬಗ್ಗೆ ಯಾರೂ ಅಷ್ಟು ಗಟ್ಟಿಯಾಗಿ ಮಾತನಾಡಲಿಲ್ಲ.

ಪರಿಹಾರ ಒಂದೊಂದು ಮನೆಗೆ ಒಂದೊಂದು. ನಡೆಯಬಲ್ಲವರು ನಡೆಯಿರಿ, ಕೊಳಚೆ ಹರಿಯುವ ವೃಷಭಾವತಿ ನದಿಯ ವಾಸನೆ ಬರುವ ತಿರುವಿನಲ್ಲಿ ಮಾತ್ರ ಸ್ವಲ್ಪ ಬೇಗ. ಸೈಕಲ್ ಇದ್ದರೆ ಇನ್ನೂ ಒಳ್ಳೆಯದು. ಬಿಎಂಟಿಸಿಯ ಮೆಟ್ರೊ ಸಂಪರ್ಕ ಬಸ್ಸು ನಿಮ್ಮ ಬಡಾವಣೆಗೆ ಬರುತ್ತದೆಯೇ ವಿಚಾರಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚೂ ಇಲ್ಲ. ನಮ್ಮ ಬೀದಿಯಲ್ಲಿ ಅತ್ತೆ ಸೊಸೆ ಇಬ್ಬರೂ ಯಾರನ್ನೂ ಕೇಳದೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೂವು ತರುವುದು ಆ ಯೋಜನೆ ಬಂದಮೇಲೆಯೇ.

ಮತ್ತೆ ಉಪನಗರ ರೈಲು?

ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಗಳಿಗೂ ಹೆಸರು ಚೆನ್ನಾಗಿ ಇಟ್ಟಿದ್ದಾರೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯೂ ಆಯಿತು. ಕೆಂಗೇರಿಗೆ ಬರಬೇಕಾದದ್ದು ಪಾರಿಜಾತ. ಅದನ್ನು ನಂಬಿ ಸೈಟು ಕೊಳ್ಳಬೇಡಿ.

ಆಟೊಮ್ಯಾಟಿಕ್ ಕಾರೋ, ಗೇರಿನದೋ?

ಆಟೊಮ್ಯಾಟಿಕ್. ‘ಗೇರಿನ ಕಾರಿನಲ್ಲಿ ಇರುವ ಮಜಾ ಅದರಲ್ಲಿಲ್ಲ’ ಎನ್ನುವವರು ಸಂಜೆ ಆರೂವರೆಗೆ ರಾಜರಾಜೇಶ್ವರಿ ನಗರದ ಕಮಾನಿನ ಬಳಿ ನಿಂತು ಆ ಮಜಾ ಯಾವುದು ಎಂದು ತೋರಿಸಲಿ. ನಾನು ಹೇಳುವುದಕ್ಕೆ ಮುಖ್ಯ ಕಾರಣ ಬೇರೆ. ಕ್ಲಚ್ ಇಲ್ಲದ ಕಾರನ್ನು ಮನೆಯಲ್ಲಿ ಇನ್ನೊಬ್ಬರು ಓಡಿಸುವ ಸಂಭವ ಹೆಚ್ಚು. ಗೇರಿನ ಕಾರು ನಿಧಾನವಾಗಿ ಒಬ್ಬರ ಸ್ವತ್ತಾಗಿಬಿಡುತ್ತದೆ. ಅರ್ಧ ಲಕ್ಷವೋ ಮುಕ್ಕಾಲು ಲಕ್ಷವೋ ಹೆಚ್ಚಿಗೆ ಕೊಟ್ಟು ಎರಡನೇ ಚಾಲಕಿಯನ್ನು ಪಡೆಯುವುದು ಅಗ್ಗದ ವ್ಯಾಪಾರ.

ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬಹುದೇ?

ಸ್ವಂತ ಮನೆ, ಸ್ವಂತ ಕಾರು ನಿಲ್ದಾಣ ಇರುವವರು ಧೈರ್ಯವಾಗಿ ತೆಗೆದುಕೊಳ್ಳಬಹುದು. ಬೆಂಗಳೂರಿಗೆ ಇದು ಹೊಸದೂ ಅಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಇಲ್ಲಿಂದಲೇ 2001ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಆಗ ನಕ್ಕವರೇ ಈಗ ಹಸಿರು ಫಲಕದ ಕಾರಿಗೆ ಮುಂಗಡ ಕೊಟ್ಟು ಕಾಯುತ್ತಿದ್ದಾರೆ.

ಲೆಕ್ಕ ಹೀಗಿದೆ. 30 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರನ್ನು ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಪೂರ್ತಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ರಾತ್ರಿ ಮಲಗುವಾಗ ಹಾಕಿದರೆ ಬೆಳಿಗ್ಗೆ ಸಿದ್ಧ. ಹಾಕುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷಿಸಿ. ಗುತ್ತಿಗೆದಾರರು ಕಟ್ಟಿ ಮಾರುವ ಮನೆಗಳಲ್ಲಿ ಅರ್ತಿಂಗ್ ಗುಂಡಿಯೊಳಗೆ ಏನಿದೆ ಎಂಬುದು ಅದನ್ನು ಅಗೆದವನಿಗೂ ಭೂಮಿತಾಯಿಗೂ ಮಾತ್ರ ಗೊತ್ತಿರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಮೂರು ಕಿಲೋವ್ಯಾಟ್ ಹೊರೆಯನ್ನು ರಾತ್ರಿಯಿಡೀ ಹೊರುವುದು ಆ ತೆಳ್ಳಗಿನ ತಂತಿಯ ಕೆಲಸವಲ್ಲ.

ಯಾರೂ ಮೊದಲೇ ಹೇಳದ ಒಂದು ಮಾತಿದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಸುಮಾರು 140 ಯೂನಿಟ್ ಬೇಕು. ಗೃಹಜ್ಯೋತಿಯಲ್ಲಿ ಬಿಲ್ಲಿಲ್ಲದೆ ಇದ್ದ ಮನೆ ಆ ತಿಂಗಳು 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು, ದಾಟಿದ ಭಾಗಕ್ಕೆ ಮಾತ್ರವಲ್ಲ. ಆದ್ದರಿಂದ ಪೆಟ್ರೋಲಿನಲ್ಲಿ ಉಳಿಸಿದ್ದರ ಲೆಕ್ಕ ಹಾಕುವಾಗ ಇದನ್ನೂ ಕಳೆಯಿರಿ. ಕಳೆದರೂ ಲಾಭವೇ. ಆದರೆ ಶೋರೂಮಿನಲ್ಲಿ ಕಾಗದದ ಮೇಲೆ ಬರೆದು ತೋರಿಸಿದಷ್ಟಲ್ಲ.

ಅಪಾರ್ಟ್‌ಮೆಂಟಿನವರು ಮೊದಲು ಸಂಘದಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಆಮೇಲೆ ಕಾರು ನೋಡಿ. ಈ ಕ್ರಮ ತಿರುವುಮುರುವು ಮಾಡಿದವರು ಇಂದಿಗೂ ಸರ್ವಸದಸ್ಯರ ಸಭೆಗಳಲ್ಲಿ ಜಗಳವಾಡುತ್ತಿದ್ದಾರೆ.

ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರಿಗೆ ಹೋಗಿಬರುವುದು ಸಲೀಸೇ?

ಕಾರಿನವರಿಗೆ ಸಲೀಸು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅವರಿಗೆ ಸರ್ವಿಸ್ ರಸ್ತೆಯೇ ಗತಿ. ವೇಗದ ಮಿತಿ 100. ಕ್ಯಾಮೆರಾಗಳು ಇವೆ, ಕೆಲಸವನ್ನೂ ಮಾಡುತ್ತಿವೆ. ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗುವವರು ಫಾಸ್ಟ್ಯಾಗ್ ವಾರ್ಷಿಕ ಪಾಸಿನ ಲೆಕ್ಕ ಹಾಕಿ ನೋಡಿ. 2025ರ ಆಗಸ್ಟ್ 15ರಿಂದ ಬಂದಿರುವ ಅದರ ಆರಂಭದ ದರ 3,000 ರೂಪಾಯಿ. ಒಂದು ವರ್ಷ ಅಥವಾ 200 ಬಾರಿ ಟೋಲ್ ದಾಟುವುದು, ಯಾವುದು ಮೊದಲೋ ಅಲ್ಲಿಯವರೆಗೆ. ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ ಅನ್ವಯ. ಖಾಸಗಿಯವರ ನೈಸ್ ರಸ್ತೆಯ ಟೋಲಿಗೆ ಬೇರೆಯೇ ಹಣ ಕಟ್ಟಬೇಕು.

ಶೌಚಾಲಯಕ್ಕೆ ಎಲ್ಲಿ ನಿಲ್ಲಿಸುವುದು ಎಂದು ಹೊರಡುವ ಮೊದಲೇ ತೀರ್ಮಾನಿಸಿ. ಸಕ್ಕರೆ ಕಾಯಿಲೆಯ ಹಿರಿಯರನ್ನು ಕೂರಿಸಿಕೊಂಡು ‘ಮುಂದೆ ಎಲ್ಲಾದರೂ ಸಿಗುತ್ತದೆ’ ಎನ್ನುವುದು ಕ್ರೌರ್ಯ. ಹಳೆಯ ರಸ್ತೆಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಎಂದು ಇಳಿದು ಕಾಲು ಚಾಚುವ ಪದ್ಧತಿ ಇತ್ತು. ಊರುಗಳನ್ನೆಲ್ಲ ಬಳಸಿಕೊಂಡು ಹೋಗುವ ಹೊಸ ದಾರಿಯಲ್ಲಿ ಆ ನೆಪ ತಪ್ಪಿಹೋಯಿತು. ಆದ್ದರಿಂದ ನಾವು ಈಗಲೂ ಬಿಡದಿಗೆ ಬೇಕೆಂದೇ ಇಳಿಯುತ್ತೇವೆ.

ಮಗನಿಗೆ ಹದಿನಾರಾಯಿತು. ಬಡಾವಣೆಯೊಳಗೆ ಸ್ಕೂಟರ್ ಓಡಿಸಿದರೆ ಏನಾಗುತ್ತದೆ?

ಬಡಾವಣೆಯ ರಸ್ತೆಯೂ ರಸ್ತೆಯೇ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಹದಿನಾರಕ್ಕೆ ಲೈಸೆನ್ಸ್ ಸಿಗುತ್ತದೆ ಎನ್ನುವವರು ಹೇಳುತ್ತಿರುವುದು 50 ಸಿಸಿ ಮೀರದ, ಗೇರಿಲ್ಲದ ವಾಹನದ ಮಾತು. ನಿಮ್ಮ ಮನೆಯ 110 ಸಿಸಿ ಸ್ಕೂಟರ್ ಅದಲ್ಲ.

‘ಹಾಲು ತರಲು ತಾನೇ’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಾಲಿನ ಬೂತಿಗೆ ನಡೆದು ಹೋಗಲಾಗದ ಹದಿನಾರರ ಹುಡುಗನಿಗೆ ಬೇಕಾದದ್ದು ಸ್ಕೂಟರ್ ಅಲ್ಲ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್‌ನೊಳಗಿನ ವಿದ್ಯುತ್ ವಾಹನಕ್ಕೆ ಲೈಸೆನ್ಸ್, ನೋಂದಣಿ ಬೇಡ ಎಂಬುದು ನಿಜ. ಅದನ್ನೇ ಯಾವುದೋ ಅಂಗಡಿಯಲ್ಲಿ ಬಿಚ್ಚಿಸಿ ವೇಗ ಹೆಚ್ಚಿಸಿಕೊಂಡರೆ ಆ ವಿನಾಯಿತಿ ಅಲ್ಲಿಗೇ ಮುಗಿಯಿತು. ಒಳ್ಳೆಯ ಸೈಕಲ್ ಕೊಡಿಸಿ, ಮುಂದೆ ಹಿಂದೆ ದೀಪ ಹಾಕಿಸಿ.

ಚಿಕ್ಕ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಳ್ಳಬಹುದೇ?

ಬೆಳಿಗ್ಗೆ ಶಾಲೆಯ ಹೊತ್ತಿನಲ್ಲಿ ಯಾವುದೇ ತಿರುವಿನಲ್ಲಿ ನಿಂತು ನೋಡಿ. ಅಪ್ಪನ ತಲೆಗೆ ಹೆಲ್ಮೆಟ್, ಅಮ್ಮನ ತಲೆಗೆ ಹೆಲ್ಮೆಟ್, ಮುಂದೆ ನಿಂತ ಮಗು ಮಾತ್ರ ಬರಿದಲೆಯಲ್ಲಿ ಎರಡು ಕನ್ನಡಿಗಳ ಕಡ್ಡಿ ಹಿಡಿದುಕೊಂಡು ನಿದ್ದೆ ತೂಗುತ್ತಿರುತ್ತದೆ. ತೂಕಡಿಸಿದಾಗಲೆಲ್ಲ ಗಲ್ಲ ಸ್ಪೀಡೋಮೀಟರಿನ ಗಾಜಿಗೆ ತಾಗುತ್ತದೆ. ದಂಡ ಬೀಳದ ತಲೆಗೆ ರಕ್ಷಣೆಯೂ ಇಲ್ಲ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸವಾರನ ಬೆನ್ನಿಗೆ ಬಿಗಿಯುವ ಸುರಕ್ಷಾ ಪಟ್ಟಿ, ಅವರ ಅಳತೆಯ ಹೆಲ್ಮೆಟ್, 40 ಕಿಲೋಮೀಟರ್ ಮೀರದ ವೇಗ ಎಂದು 2022ರ ಫೆಬ್ರುವರಿಯಲ್ಲೇ ಕೇಂದ್ರ ನಿಯಮ ಮಾಡಿದೆ. ಒಂದು ವರ್ಷದ ನಂತರ ಅದು ಜಾರಿಗೂ ಬಂತು. ಪಟ್ಟಿ ಕಟ್ಟಿದ ಒಂದು ಮಗುವನ್ನೂ ನಮ್ಮ ಬಡಾವಣೆಯಲ್ಲಿ ನಾನು ಕಂಡಿಲ್ಲ.

ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೇ?

ಹಾಕಬೇಕು. ಹದಿನಾಲ್ಕು ತುಂಬದ ಮಕ್ಕಳು ಬೆಲ್ಟ್ ಇಲ್ಲದೆ ಕುಳಿತಿದ್ದರೆ ಓಡಿಸುವವರೇ ಹೊಣೆ. ಆದರೆ ಹೆಚ್ಚಿನ ಕಾರುಗಳಲ್ಲಿ ಹಾಕಲು ಬಕಲ್ಲೇ ಇರುವುದಿಲ್ಲ! ಕಾರು ಕೊಂಡ ವಾರದಲ್ಲೇ ಹಾಕಿಸಿದ ಸೀಟ್ ಕವರ್ ಅದನ್ನು ನುಂಗಿರುತ್ತದೆ. ಬೆರಳು ತೂರಿಸಿ ಹುಡುಕಿದರೆ ಕಡಲೆಕಾಯಿ ಸಿಪ್ಪೆ, ಒಂದು ರೂಪಾಯಿ ನಾಣ್ಯ, ಕೊನೆಗೆ ಬಕಲ್. ಕವರಿನವನಿಗೆ ಹೇಳಿ ಅಲ್ಲಿ ಸೀಳು ಬಿಡಿಸಿ. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲಿ ದಪ್ಪ ಕವರ್ ಹಾಕಿಸಲೇಬೇಡಿ. ಸೀರೆ ಮುದುಡುತ್ತದೆ ಎನ್ನುವ ಅಜ್ಜಿಗೆ ಸೆರಗನ್ನು ಬೆಲ್ಟಿನ ಮೇಲೆ ಹೊದ್ದುಕೊಳ್ಳಲು ಹೇಳಿ, ತಕರಾರು ಅಲ್ಲಿಗೆ ಮುಗಿಯುತ್ತದೆ.

ಅಪ್ಪ ಅಮ್ಮನಿಗೆ ಆಟೊ ಆ್ಯಪ್ ಕಲಿಸುವುದು ಹೇಗೆ?

ಇಡೀ ಪಟ್ಟಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು, ಹೆಚ್ಚು ಮಂದಿ ಮುಂದೂಡುವುದೂ ಇದನ್ನೇ. ‘ನೀವು ಫೋನ್ ಮಾಡಿ, ನಾನು ಬುಕ್ ಮಾಡುತ್ತೇನೆ’ ಎನ್ನುವುದು ಪ್ರೀತಿಯ ಮಾತಿನಂತೆ ಕೇಳಿಸುತ್ತದೆ. ಫಲ ಮಾತ್ರ ಬೇರೆ. ಮಗ ಮೀಟಿಂಗಿನಲ್ಲಿದ್ದಾನೆ ಎಂದು ತಾಯಿ ಹಲ್ಲುನೋವನ್ನು ಶನಿವಾರದವರೆಗೆ ಅನುಭವಿಸುತ್ತಾರೆ.

ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ನಮ್ಮ ಯಾತ್ರಿಯಂಥ ಆ್ಯಪ್‌ಗಳಲ್ಲಿ ಆ ಸೌಲಭ್ಯವಿದೆ. ಅಕ್ಷರದ ಗಾತ್ರ ಹೆಚ್ಚಿಸಿ. ಮನೆ, ದೇವಸ್ಥಾನ, ಆಸ್ಪತ್ರೆ, ಮೆಟ್ರೊ ನಿಲ್ದಾಣ, ತಂಗಿಯ ಮನೆ ಎಂದು ವಿಳಾಸಗಳನ್ನು ಮೊದಲೇ ಉಳಿಸಿಕೊಡಿ, ಅವರು ಟೈಪ್ ಮಾಡುವ ಪ್ರಸಂಗವೇ ಬರಬಾರದು. ಹಣವನ್ನು ನಗದಾಗಿಯೇ ಕೊಡಲಿ, ಅಥವಾ ಸಾವಿರ ಎರಡು ಸಾವಿರ ಮಾತ್ರ ಇರುವ ಬೇರೆ ಖಾತೆಗೆ ಯುಪಿಐ ಜೋಡಿಸಿ. ಪಿಂಚಣಿ ಬರುವ ಖಾತೆಗೆ ಬೇಡ.

ನಿಜವಾದ ಎಡವಟ್ಟು ಒಟಿಪಿಯದು. ಯಾರು ಕೇಳಿದರೂ ಒಟಿಪಿ ಹೇಳಬೇಡಿ ಎಂದು ವರ್ಷಗಟ್ಟಲೆ ನಾವೇ ಅವರ ತಲೆಗೆ ತುಂಬಿದ್ದೇವೆ. ಬ್ಯಾಂಕಿನವರು ಕೇಳಿದರೂ ಬೇಡ, ಪೊಲೀಸರು ಎಂದರೂ ಬೇಡ. ಈಗ ಗೇಟಿನ ಮುಂದೆ ನಿಂತ ಅಪರಿಚಿತ ಚಾಲಕ ‘ಒಟಿಪಿ ಹೇಳಿ ಅಮ್ಮಾ’ ಎಂದಾಗ ಹೇಳಬೇಕಂತೆ! ಅಮ್ಮ ಫೋನನ್ನು ಸೆರಗಿನಡಿ ಮುಚ್ಚಿಕೊಂಡರೆ ಅದು ಅವರ ದಡ್ಡತನವಲ್ಲ. ವ್ಯತ್ಯಾಸವನ್ನು ಹೀಗೆ ಹೇಳಿಕೊಡಿ: ಮೆಸೇಜಿನಲ್ಲಿ ಬಂದ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಆಟೊ ಆ್ಯಪ್‌ನ ಪರದೆಯ ಮೇಲೆ, ಗಾಡಿಯ ನಂಬರಿನ ಜೊತೆ ಕಾಣಿಸುವ ನಾಲ್ಕಂಕಿಯನ್ನು ಮಾತ್ರ, ಅದೂ ಗಾಡಿಯ ನಂಬರ್ ತಾಳೆ ನೋಡಿದ ಮೇಲೆ ಹೇಳಬೇಕು. ಮೊದಲ ಕೆಲವು ಸಲ ಜೊತೆಯಲ್ಲಿ ಹೋಗಿ, ಆದರೆ ಫೋನ್ ನೀವು ಮುಟ್ಟಬೇಡಿ.

ಮೊಬೈಲಿನ ನಕ್ಷೆಯನ್ನು ನಂಬಬಹುದೇ?

ಮುಖ್ಯ ರಸ್ತೆಗೆ ನಂಬಬಹುದು, ಒಳರಸ್ತೆಗೆ ಅರ್ಧ. ಎರಡು ನಿಮಿಷ ಉಳಿಸುವ ನೆಪದಲ್ಲಿ ಅದು ಎಮ್ಮೆ ಕಟ್ಟುವ ಓಣಿಯೊಳಗೂ ನುಗ್ಗಿಸುತ್ತದೆ. ನಿಮ್ಮ ವಿಳಾಸದಲ್ಲಿರುವ ಏಳನೇ ಕ್ರಾಸ್ ಪ್ರತಿ ಬ್ಲಾಕಿನಲ್ಲೂ ಒಂದೊಂದು ಇದೆ. ಬರುವವರಿಗೆ ಲೊಕೇಶನ್ ಜೊತೆಗೆ ‘ಗಣೇಶನ ಗುಡಿಯ ಎದುರಿನ ರಸ್ತೆ’ ಎಂದೂ ಹೇಳಿ.

ಮನೆಯ ಮುಂದೆ ಬೇರೆಯವರು ಕಾರು ನಿಲ್ಲಿಸುತ್ತಾರೆ, ಹೂಕುಂಡ ಇಡಬಹುದೇ?

ಇಡುವಂತಿಲ್ಲ, ರಸ್ತೆ ನಿಮ್ಮದಲ್ಲ. ಗೇಟಿಗೆ ಅಡ್ಡ ನಿಲ್ಲಿಸಿದರೆ ದೂರು ಕೊಡಿ. ಹಾಗೆಯೇ 30x40 ಸೈಟಿನಲ್ಲಿ ಕಾರಿಗೆ ಬಿಟ್ಟ ಜಾಗವನ್ನು ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟು, ಸ್ವಂತ ಕಾರನ್ನು ಪಕ್ಕದವರ ಕಿಟಕಿಯ ಕೆಳಗೆ ನಿಲ್ಲಿಸುವವರು ಈ ಪ್ರಶ್ನೆ ಕೇಳುವ ಹಕ್ಕು ಕಳೆದುಕೊಂಡಿದ್ದಾರೆ.

ಕಾರು ತೊಳೆಯಲು ಪೈಪ್ ಹಿಡಿದರೆ ದಂಡವೇ?

2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ಅದು ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳ ಪ್ರದೇಶಕ್ಕೆಂದು ಮಾಡಿದ ಯೋಜನೆ. ಹಾಗೆಂದು ಟ್ಯಾಂಕರ್‌ಗಳೇನೂ ಊರು ಬಿಟ್ಟು ಹೋಗಿಲ್ಲ. ಅರ್ಧ ಬಕೆಟ್ ನೀರು, ಎರಡು ಬಟ್ಟೆ ಸಾಕು. ದಿನಾ ತೊಳೆಯುವಷ್ಟು ಕೊಳೆ ಯಾವ ಕಾರಿಗೂ ಆಗುವುದಿಲ್ಲ.

ಸಂಚಾರ ದಂಡ ಬಂದಿದೆ, ಶೇ 50 ರಿಯಾಯಿತಿಗೆ ಕಾಯಲೇ?

2023ರಲ್ಲೂ 2025ರಲ್ಲೂ ಸರ್ಕಾರ ಆ ರಿಯಾಯಿತಿ ಕೊಟ್ಟದ್ದರಿಂದ ಜನ ಕಾಯುವುದನ್ನೇ ಅಭ್ಯಾಸ ಮಾಡಿಕೊಂಡಿದ್ದಾರೆ. ಕೂಡಲೇ ಕಟ್ಟಿದವರು ಮೂರ್ಖರಾದರು ಎನ್ನುವ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಕಟ್ಟಿಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ದಂಡದ ಸಂದೇಶದ ಕೊಂಡಿಯನ್ನಾಗಲಿ, ಅದರೊಂದಿಗೆ ಬರುವ, ಫೋನಿನಲ್ಲಿ ಆ್ಯಪ್ ಕೂರಿಸುವ ಎಪಿಕೆ ಕಡತವನ್ನಾಗಲಿ ಒತ್ತಬೇಡಿ. ಅದು ಬ್ಯಾಂಕ್ ಖಾತೆ ಬರಿದುಮಾಡುವ ದಾರಿ. ಸಂಚಾರ ಪೊಲೀಸರ ಅಧಿಕೃತ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿ ನೀವೇ ನೋಡಿಕೊಳ್ಳಿ.

ಮೂಲ ದಾಖಲೆ ಗಾಡಿಯಲ್ಲಿ ಇರಬೇಕೇ?

ಬೇಡ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಇದ್ದರೆ ಸಾಕು. ಮೊಬೈಲಿನಲ್ಲಿ ತೆಗೆದ ಫೋಟೊ ನಡೆಯುವುದಿಲ್ಲ.

ಲೈಸೆನ್ಸ್ ಇದೆ, ಓಡಿಸಲು ಭಯ. ಏನು ಮಾಡಲಿ?

ಈ ಪ್ರಶ್ನೆ ಕೇಳುವವರು ಬಹುಪಾಲು ಹೆಂಗಸರು. ತರಬೇತಿ ಶಾಲೆಯಲ್ಲಿ ಎಂಟು ಹಾಕಿ ಪಾಸಾಗಿರುತ್ತಾರೆ, ಅಲ್ಲಿಂದಾಚೆಗೆ ಗಂಡನ ಪಕ್ಕದ ಸೀಟು. ಭಯಕ್ಕೆ ಅರ್ಧ ಕಾರಣ ರಸ್ತೆಯಾದರೆ ಉಳಿದರ್ಧ ಪಕ್ಕದಲ್ಲಿ ಕೂತು ‘ಬ್ರೇಕ್, ಬ್ರೇಕ್’ ಎಂದು ಕಿರುಚುವವರು. ಆದ್ದರಿಂದ ಗಂಡನಿಂದ ಕಲಿಯಬೇಡಿ. ಸಂಬಳ ಕೊಟ್ಟು ಅನುಭವಸ್ಥ ಚಾಲಕಿಯನ್ನೋ ಚಾಲಕರನ್ನೋ ಕರೆಸಿ, ನಿಮ್ಮದೇ ಕಾರಿನಲ್ಲಿ ಕಲಿಯಿರಿ.

ಜಾಗಕ್ಕೆ ನಮ್ಮ ಕಡೆ ಬರವಿಲ್ಲ. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಅಗಲ ರಸ್ತೆಗಳಿವೆ, ಮನೆಗಳು ಇನ್ನೂ ವಿರಳ. ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ನಾಯಿ, ವಾಯುವಿಹಾರಿ, ನಿಮ್ಮಂತೆಯೇ ಕಲಿಯಲು ಬಂದ ಇನ್ನೆರಡು ಕಾರು. ಅಲ್ಲಿ ಕೈ ಕುದುರಿದ ಮೇಲೆ ಒಂದೇ ಒಂದು ದಾರಿ ಆರಿಸಿಕೊಳ್ಳಿ, ಉದಾಹರಣೆಗೆ ಮನೆಯಿಂದ ಮಗಳ ಶಾಲೆ. ಬೇರೆಲ್ಲಿಗೂ ಹೋಗದೆ ಅದನ್ನೇ ಮತ್ತೆ ಮತ್ತೆ ಓಡಿಸಿ. ಹಂಪು ಎಲ್ಲಿದೆ, ಬಸ್ಸು ಎಲ್ಲಿ ಅಡ್ಡ ತಿರುಗುತ್ತದೆ ಎಂಬುದು ಕಾಲಿಗೇ ಗೊತ್ತಾಗುವಷ್ಟು. ಎರಡನೇ ದಾರಿ ತಾನಾಗಿ ಬರುತ್ತದೆ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ, ಕೆಂಪು ದೀಪವಿದ್ದಾಗಲೂ ಹೊಡೆಯುವ ಊರು ಇದು.

ಎರಡನೇ ಕಾರು ಬೇಕೇ?

ಮೇಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಕೇಳಿ. ಓಡಿಸುವವರು ಒಬ್ಬರೇ ಇರುವ ಮನೆಗೆ ಎರಡನೇ ಕಾರು ಏಕೆ? ಓಡಿಸುವವರು ಇಬ್ಬರಾದ ಮನೆಗಳಲ್ಲಿ ಒಬ್ಬರು ಮೆಟ್ರೊ ಹಿಡಿದು, ಮೊದಲ ಕಾರನ್ನೇ ಹಗಲು ಮನೆಯಲ್ಲಿ ಬಿಟ್ಟುಹೋಗುವುದನ್ನೂ ನೋಡಿದ್ದೇನೆ. ಕಂತು ಉಳಿಯಿತು, ಡಾಕ್ಟರ ಬಳಿಗೆ ಹೋಗಲು ಗಾಡಿಯೂ ಇತ್ತು.

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರಲೇಬೇಕೇ?

ಇರಲೇಬೇಕು. ನೀರು ಯಾವಾಗ ಬಿಡುತ್ತಾರೆ, ಕರೆಂಟು ಯಾವಾಗ ತೆಗೆಯುತ್ತಾರೆ, ಯಾರ ಕಾರಿನ ಕೆಳಗೆ ಹಾವು ನುಸುಳಿದೆ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ. ಶಬ್ದ ನಿಲ್ಲಿಸಿ, ಶುಭೋದಯದ ಚಿತ್ರಗಳು ತಾವಾಗಿ ಇಳಿಯದಂತೆ ಸೆಟ್ಟಿಂಗ್ ಬದಲಿಸಿ, ರಾಜಕೀಯದ ಚರ್ಚೆಗೆ ಉತ್ತರ ಕೊಡಬೇಡಿ. ಹಾವಿನ ಫೋಟೊ ಬಂದರೆ ಮಾತ್ರ ತೆರೆದು ನೋಡಿ.